ಫಿನ್ನಿಶ್ ಭಾಷೆಯಲ್ಲಿ ಕಿರಿಕಿರಿ, ಸಿಟ್ಟು, ಬೇಸರಗಳನ್ನು ಹೇಳಿಕೊಳ್ಳುವುದು ಹೇಗೆ: ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಹೊಸ ಭಾಷೆಯೊಂದನ್ನು ಕಲಿಯಲು ಹೊರಟವರು ಅಂಗಡಿಯ ಮಾತು, ಬಸ್ಸಿನ ಮಾತು, ಹವಾಮಾನದ ಮಾತುಗಳನ್ನು ಬೇಗ ಕಲಿಯುತ್ತಾರೆ. ಮನಸ್ಸು ಕೆಟ್ಟ ದಿನ ಆಡಬೇಕಾದ ಮಾತುಗಳನ್ನು ಮಾತ್ರ ಯಾರೂ ಮುಂಚಿತವಾಗಿ ಕಲಿತಿರುವುದಿಲ್ಲ. ಹೆಲ್ಸಿಂಕಿ, ಎಸ್ಪೊ, ತಾಂಪೆರೆ ಅಥವಾ ಔಲು ನಗರದಲ್ಲಿ ಓದಿಗೋ ಕೆಲಸಕ್ಕೋ ನೆಲೆಸಿದ ಕನ್ನಡಿಗರೊಬ್ಬರು ಎರಡು ವರ್ಷ ಫಿನ್ನಿಶ್ ತರಗತಿಗೆ ಹೋಗಿದ್ದರೂ, ಮೇಲಿನ ಮನೆಯ ಸದ್ದಿನಿಂದ ನಿದ್ದೆಗೆಟ್ಟ ಮರುದಿನ ಬೆಳಿಗ್ಗೆ ನೆರೆಯವರ ಮುಂದೆ ನಿಂತಾಗ ಅವರ ಬಾಯಿಂದ ಇಂಗ್ಲಿಷೇ ಹೊರಡುತ್ತದೆ. ಈ ಕೊರತೆಯನ್ನು ತುಂಬಿಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲಿಗೇ ನನ್ನ ಅಭಿಪ್ರಾಯವನ್ನು ಸ್ಪಷ್ಟಪಡಿಸುತ್ತೇನೆ. ಈ ಪದಗಳನ್ನು ಇಂಗ್ಲಿಷಿನ ಮೂಲಕ ಕಲಿಯಬಾರದು, ಕನ್ನಡದಿಂದ ನೇರವಾಗಿ ಕಲಿಯಬೇಕು. ಭಾವನೆಯನ್ನು ಹೇಳುವಾಗ ಫಿನ್ನಿಶ್ ವಾಕ್ಯ ಕಟ್ಟುವ ರೀತಿ ಇಂಗ್ಲಿಷಿಗಿಂತ ಕನ್ನಡಕ್ಕೆ ಎಷ್ಟೋ ಹತ್ತಿರವಾಗಿದೆ. ಇಂಗ್ಲಿಷಿನ ದಾರಿ ಹಿಡಿದವರು ‘ನಾನು’ ಎಂದು ಆರಂಭಿಸಿ, ‘ಇದ್ದೇನೆ’ ಎಂಬ ಕ್ರಿಯಾಪದ ಸೇರಿಸಿ, ನಿಘಂಟಿನಲ್ಲಿ ಸಿಕ್ಕ ಗುಣವಾಚಕವನ್ನು ಕೊನೆಗೆ ಅಂಟಿಸುತ್ತಾರೆ. ಹಾಗೆ ಹುಟ್ಟುವ ‘ಮಿನ್ಯಾ ಒಲೆನ್ ಆ್ಯರ್ಸ್ಯುತ್ತ್ಯಾವ್ಯಾ’ ಎಂಬ ವಾಕ್ಯಕ್ಕೆ ‘ನನಗೆ ಕಿರಿಕಿರಿಯಾಗಿದೆ’ ಎಂಬ ಅರ್ಥ ಬರುವುದಿಲ್ಲ. ‘ನಾನು ಕಿರಿಕಿರಿ ಮಾಡುವ ಮನುಷ್ಯ’ ಎಂಬ ಅರ್ಥ ಬರುತ್ತದೆ. ಕಲಿಕೆಯ ಆರಂಭದಲ್ಲಿ ನಾನೂ ಇದೇ ತಪ್ಪನ್ನು ಮಾಡಿದ್ದೇನೆ, ಮತ್ತು ಅದನ್ನು ತಿದ್ದಿಕೊಳ್ಳಲು ನನಗೆ ನೆರವಾದದ್ದು ಕನ್ನಡದ ‘ನನಗೆ ಸಿಟ್ಟು ಬಂತು’ ಎಂಬ ಸಾಮಾನ್ಯ ವಾಕ್ಯ.

ಮೊದಲ ಹಂತ: ಧ್ವನಿ ಮತ್ತು ಲಿಪಿ

ಫಿನ್ನಿಶ್ ಭಾಷೆಯನ್ನು ಬರೆದಂತೆಯೇ ಓದುತ್ತಾರೆ. ಆದ್ದರಿಂದ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಪದಗಳನ್ನು ಕೆಲವೇ ನಿಯಮಗಳ ನೆರವಿನಿಂದ ನೀವು ರೋಮನ್ ಅಕ್ಷರಕ್ಕೆ ಮರಳಿ ಬರೆದುಕೊಳ್ಳಬಹುದು. ‘ಆ್ಯ’ ಅಥವಾ ‘್ಯಾ’ ಎಂದು ಕಂಡಲ್ಲೆಲ್ಲ ಮೇಲೆ ಎರಡು ಚುಕ್ಕಿ ಇರುವ ಮೊದಲ ಸ್ವರಾಕ್ಷರವಿದೆ ಎಂದು ತಿಳಿಯಿರಿ. ಅದರ ಉಚ್ಚಾರ ‘ಬ್ಯಾಂಕು’ ಎನ್ನುವಾಗಿನ ಸ್ವರದ ಹತ್ತಿರವಿದೆ, ಆದರೆ ನಡುವೆ ಯಕಾರ ಕೇಳಿಸಬಾರದು. ಅದೇ ಸ್ವರ ದೀರ್ಘವಾದಲ್ಲಿ ‘ಽ’ ಚಿಹ್ನೆಯನ್ನು ಬಳಸಿದ್ದೇನೆ. ವ್ಯಂಜನದ ಕೆಳಗೆ ‘್ಯು’ ಕಂಡಲ್ಲಿ ನಾಲಿಗೆಯನ್ನು ‘ಇ’ಗೆ ಇಟ್ಟು ತುಟಿಗಳನ್ನು ‘ಉ’ಕಾರದಂತೆ ದುಂಡಗೆ ಮಾಡಬೇಕು. ‘್ಯೊ’ ಕಂಡಲ್ಲಿ ನಾಲಿಗೆ ‘ಎ’ಗೆ, ತುಟಿ ‘ಒ’ಗೆ. ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ.

ಇಲ್ಲಿ ಕನ್ನಡಿಗರಿಗೆ ಎರಡು ಅನುಕೂಲಗಳಿವೆ. ಹ್ರಸ್ವ ಮತ್ತು ದೀರ್ಘ ಸ್ವರಗಳ ಭೇದವೂ ಒತ್ತಕ್ಷರದ ಭೇದವೂ ಅರ್ಥವನ್ನೇ ಬದಲಿಸುತ್ತವೆ ಎಂಬುದು ನಮಗೆ ಹುಟ್ಟಿನಿಂದ ಬಂದ ಅರಿವು. ‘ತಪಾನ್ ಸಿನುತ್’ ಎಂದರೆ ‘ನಿನ್ನನ್ನು ಭೇಟಿಯಾಗುತ್ತೇನೆ’, ‘ತಪನ್ ಸಿನುತ್’ ಎಂದರೆ ‘ನಿನ್ನನ್ನು ಕೊಲ್ಲುತ್ತೇನೆ’. ಹಲವು ದೇಶಗಳ ಕಲಿಯುವವರು ಈ ವ್ಯತ್ಯಾಸವನ್ನು ಕಿವಿಗೆ ಹಿಡಿಸಿಕೊಳ್ಳಲು ಬಹಳ ಕಷ್ಟಪಡುತ್ತಾರೆ. ನಮಗೆ ‘ಬಳಿ’ ಮತ್ತು ‘ಬಾಳಿ’ ಬೇರೆ ಬೇರೆಯಾಗಿ ಕೇಳಿಸುವಷ್ಟೇ ಸುಲಭವಾಗಿ ಇವೂ ಕೇಳಿಸುತ್ತವೆ. ಎರಡನೆಯದಾಗಿ, ಫಿನ್ನಿಶ್ ತಕಾರವು ಹಲ್ಲಿಗೆ ತಾಗುವ ನಮ್ಮ ‘ತ’, ಇಂಗ್ಲಿಷಿನ ಅಭ್ಯಾಸದಿಂದ ಅದನ್ನು ‘ಟ’ ಎಂದು ಉಚ್ಚರಿಸುವ ಅಗತ್ಯವೇ ಇಲ್ಲ.

ಎರಡನೆಯ ಹಂತ: ‘ಬರುತ್ತಿದೆ’ ಎಂಬ ಅಚ್ಚು

ಪದಗಳ ಪಟ್ಟಿಗೆ ಕೈ ಹಾಕುವ ಮೊದಲು ವಾಕ್ಯದ ಅಚ್ಚೊಂದನ್ನು ಗಟ್ಟಿ ಮಾಡಿಕೊಳ್ಳಬೇಕು. ಕನ್ನಡದಲ್ಲಿ ನಾವು ‘ನನಗೆ ನಿದ್ದೆ ಬರುತ್ತಿದೆ’, ‘ನನಗೆ ಅಳು ಬರುತ್ತಿದೆ’, ‘ನನಗೆ ನಗು ಬರುತ್ತಿದೆ’, ‘ನನಗೆ ಸಿಟ್ಟು ಬರುತ್ತಿದೆ’ ಎನ್ನುತ್ತೇವೆ. ಈ ವಾಕ್ಯಗಳಲ್ಲಿ ‘ನಾನು’ ಕರ್ತೃವಲ್ಲ. ಭಾವ ತಾನಾಗಿ ಬರುತ್ತದೆ, ನಾನು ಅದನ್ನು ಅನುಭವಿಸುತ್ತೇನೆ. ಫಿನ್ನಿಶ್ ಇದನ್ನೇ ‘ಮಿನುಅ ನುಕುತ್ತಾ’, ‘ಮಿನುಅ ಇತ್ಕೆತ್ತ್ಯಾಽ’, ‘ಮಿನುಅ ನೌರತ್ತಾ’, ‘ಮಿನುಅ ಸೂತುತ್ತಾ’ ಎನ್ನುತ್ತದೆ. ಫಿನ್ನಿಶ್ ವ್ಯಾಕರಣಕಾರರು ಈ ಕ್ರಿಯಾಪದಗಳನ್ನು ‘ತುನ್ನೆಕೌಸತೀವಿ’, ಅಂದರೆ ಭಾವಪ್ರೇರಕಗಳು ಎಂದು ಕರೆಯುತ್ತಾರೆ.

ವ್ಯತ್ಯಾಸವಿರುವುದು ವಿಭಕ್ತಿಯಲ್ಲಿ ಮಾತ್ರ. ನಾವು ‘ನನಗೆ’ ಎಂದು ಚತುರ್ಥಿಯನ್ನು ಬಳಸಿದರೆ, ಅವರು ಪಾರ್ತಿತೀವಿ ಎಂಬ ವಿಭಕ್ತಿಯನ್ನು ಬಳಸುತ್ತಾರೆ. ಸಾಮಾನ್ಯ ಎಣಿಕೆಯಂತೆ ಫಿನ್ನಿಶ್‌ನಲ್ಲಿ 15 ವಿಭಕ್ತಿಗಳಿವೆ, ಪಾರ್ತಿತೀವಿ ಅವುಗಳಲ್ಲಿ ಒಂದು. ಅದರ ಆರು ಸರ್ವನಾಮ ರೂಪಗಳನ್ನು ಇಂದೇ ಕಂಠಪಾಠ ಮಾಡಿ: ಮಿನುಅ ಎಂದರೆ ನನಗೆ, ಸಿನುಅ ಎಂದರೆ ನಿನಗೆ, ಹ್ಯಾನ್ತ್ಯಾ ಎಂದರೆ ಅವನಿಗೆ ಅಥವಾ ಅವಳಿಗೆ, ಮೆಇತ್ಯಾ ಎಂದರೆ ನಮಗೆ, ತೆಇತ್ಯಾ ಎಂದರೆ ನಿಮಗೆ, ಹೆಇತ್ಯಾ ಎಂದರೆ ಅವರಿಗೆ. ಫಿನ್ನಿಶ್‌ನಲ್ಲಿ ಅವನು ಮತ್ತು ಅವಳು ಎಂಬ ಭೇದವಿಲ್ಲ.

ಈ ಅಚ್ಚಿನ ಅತಿ ದೊಡ್ಡ ಸೌಲಭ್ಯವೆಂದರೆ ಕ್ರಿಯಾಪದವು ಅನುಭವಿಸುವವರಿಗೆ ತಕ್ಕಂತೆ ಬದಲಾಗುವುದಿಲ್ಲ. ‘ನನಗೆ ಸಿಟ್ಟು ಬಂತು, ನಮಗೆ ಸಿಟ್ಟು ಬಂತು, ಅವರಿಗೆ ಸಿಟ್ಟು ಬಂತು’ ಎನ್ನುವಾಗ ‘ಬಂತು’ ಹೇಗೆ ಬದಲಾಗುವುದಿಲ್ಲವೋ ಹಾಗೆಯೇ ‘ಮಿನುಅ ಆ್ಯರ್ಸ್ಯುತ್ತ್ಯಾಽ, ಮೆಇತ್ಯಾ ಆ್ಯರ್ಸ್ಯುತ್ತ್ಯಾಽ, ಹೆಇತ್ಯಾ ಆ್ಯರ್ಸ್ಯುತ್ತ್ಯಾಽ’ ಎಂದೇ ಉಳಿಯುತ್ತದೆ. ಭೂತಕಾಲಕ್ಕೆ ‘ಮಿನುಅ ಆ್ಯರ್ಸ್ಯುತ್ತಿ’, ನಿಷೇಧಕ್ಕೆ ‘ಮಿನುಅ ಎಇ ಆ್ಯರ್ಸ್ಯುತ್ಯಾ’, ಪ್ರಶ್ನೆಗೆ ‘ಆ್ಯರ್ಸ್ಯುತ್ತ್ಯಾಽಕ್ಯೊ ಸಿನುಅ?’ ಎನ್ನಬೇಕು. ನಿಷೇಧದಲ್ಲಿ ತಕಾರದ ದ್ವಿತ್ವ ಬಿಟ್ಟುಹೋಗಿರುವುದನ್ನು ಗಮನಿಸಿ. ಹರ್ಮಿತ್ತಾ ಎಂಬುದು ‘ಎಇ ಹರ್ಮಿತ’ ಆಗುತ್ತದೆ, ಸೂತುತ್ತಾ ಎಂಬುದು ‘ಎಇ ಸೂತುತ’ ಆಗುತ್ತದೆ. ಈ ಒಂದು ನಿಯಮ ಇಲ್ಲಿನ ಬಹುತೇಕ ‘ತ್ತಾ’ ಕ್ರಿಯಾಪದಗಳಿಗೆ ಅನ್ವಯಿಸುತ್ತದೆ.

ಕಾರಣವನ್ನು ಸೇರಿಸುವುದೂ ಸುಲಭ. ‘ಮಿನುಅ ಆ್ಯರ್ಸ್ಯುತ್ತ್ಯಾಽ, ಕುನ್ ಬುಸ್ಸಿ ಎಇ ತುಲೆ’ ಎಂದರೆ ‘ಬಸ್ಸು ಬಾರದೆ ನನಗೆ ಕಿರಿಕಿರಿಯಾಗುತ್ತಿದೆ’. ಕಾರಣವಾದ ವಸ್ತುವನ್ನೇ ಕರ್ತೃವಾಗಿಸಿ ‘ತುಒ ಆ್ಯಽನಿ ಆ್ಯರ್ಸ್ಯುತ್ತ್ಯಾಽ ಮಿನುಅ’, ಅಂದರೆ ‘ಆ ಸದ್ದು ನನ್ನನ್ನು ಕೆರಳಿಸುತ್ತದೆ’ ಎಂದೂ ಹೇಳಬಹುದು. ಅನುಭವಿಸುವವರನ್ನು ಪೂರ್ತಿ ಬಿಟ್ಟು ಬರೀ ‘ಆ್ಯರ್ಸ್ಯುತ್ತ್ಯಾಽ!’ ಎಂದರೂ ಮಾತು ಪೂರ್ಣವಾಗುತ್ತದೆ, ನಾವು ಬರೀ ‘ಸಿಟ್ಟು ಬರುತ್ತೆ!’ ಎನ್ನುವಂತೆ.

ಮೂರನೆಯ ಹಂತ: ನಾಲ್ಕು ಮೆಟ್ಟಿಲು

ಒಂದೇ ದಿನ ನಲವತ್ತು ಪದಗಳನ್ನು ಕಲಿಯಲು ಹೊರಡಬೇಡಿ. ಹರ್ಮಿತ್ತಾ, ಆ್ಯರ್ಸ್ಯುತ್ತ್ಯಾಽ, ಸೂತುತ್ತಾ, ರೈವೊಸ್ತುತ್ತಾ ಎಂಬ ನಾಲ್ಕು ಸಾಕು. ಈ ನಾಲ್ಕು ಮೆಟ್ಟಿಲುಗಳಲ್ಲಿ ಸಿಟ್ಟು ಮೇಲೇರುತ್ತದೆ.

‘ಹರ್ಮಿತ್ತಾ’ ಎಲ್ಲಕ್ಕಿಂತ ಮೃದುವಾದುದು, ಅರ್ಥದಲ್ಲಿ ಮಾತ್ರ ಎಲ್ಲಕ್ಕಿಂತ ಸೂಕ್ಷ್ಮವಾದುದು. ಕಿರಿಕಿರಿಯೊಂದಿಗೆ ವಿಷಾದವೂ ಅದರಲ್ಲಿ ಬೆರೆತಿದೆ. ‘ಮಿನುಅ ಹರ್ಮಿತ್ತಾ, ಎತ್ತೆನ್ ಪ್ಯಾಽಸ್ಸ್ಯುತ್ ಮುಕಾನ್’ ಎಂದರೆ ‘ನಿಮ್ಮ ಜೊತೆ ಬರಲಾಗಲಿಲ್ಲವಲ್ಲ ಎಂದು ಬೇಜಾರು’. ನಮ್ಮ ‘ಬೇಜಾರು’ ಎಂಬ ಪದ ದುಃಖವನ್ನೂ ಅಸಮಾಧಾನವನ್ನೂ ಒಟ್ಟಿಗೆ ಹೊರುವುದರಿಂದ, ಹರ್ಮಿತ್ತಾ ಪದಕ್ಕೆ ಅದಕ್ಕಿಂತ ಒಳ್ಳೆಯ ಅನುವಾದ ನನಗೆ ಸಿಕ್ಕಿಲ್ಲ. ಇದರ ಮೂಲವಾದ ‘ಹರ್ಮಿ’ ಸ್ವೀಡಿಷ್‌ನಿಂದ ಬಂದದ್ದು. ಗೆಳೆಯರ ಕೆಲಸ ಕೈತಪ್ಪಿತೆಂದು ತಿಳಿದಾಗ ‘ವೊಇ ಹರ್ಮಿ!’ ಎಂದರೆ ‘ಅಯ್ಯೋ, ಛೇ!’ ಎಂದಂತಾಗುತ್ತದೆ.

‘ಆ್ಯರ್ಸ್ಯುತ್ತ್ಯಾಽ’ ನಮ್ಮ ‘ಕಿರಿಕಿರಿ’ಗೆ ನೇರ ಸಮಾನ. ಚರ್ಮಕ್ಕಾಗುವ ತುರಿಕೆ ಉರಿಗಳಿಗೂ ಇದೇ ಮೂಲದ ಪದವಿದೆ: ಔಷಧದಂಗಡಿಯ ಮುಲಾಮಿನ ಡಬ್ಬಿಯ ಮೇಲೆ ‘ಇಹೊಆ್ಯರ್ಸ್ಯುತ್ಯುಸ್’ ಎಂದು ಕಂಡರೆ ಅದು ಚರ್ಮದ ಕಿರಿಕಿರಿ. ‘ಇಹೊ’ ಎಂದರೆ ಚರ್ಮ.

‘ಸೂತುತ್ತಾ’ ಎಂದರೆ ಸಿಟ್ಟು ಬರುತ್ತದೆ. ‘ರೈವೊಸ್ತುತ್ತಾ’ ಎಂದರೆ ಕೆಂಡಾಮಂಡಲವಾಗುವಷ್ಟು ಕೋಪ ಬರುತ್ತದೆ, ‘ರೈವೊ’ ಎಂದರೆ ಹುಚ್ಚು ಕೋಪ. ಈ ಕೊನೆಯ ಪದವನ್ನು ದಿನನಿತ್ಯದ ಸಣ್ಣ ವಿಷಯಗಳಿಗೆ ಬಳಸಿದರೆ ಅದರ ತೂಕ ಹೋಗುತ್ತದೆ. ಅದೇ ರೀತಿ ಮೊದಲ ಮೂರು ಪದಗಳ ಮುಂದೆ ‘ವ್ಯಾಹ್ಯಾನ್’, ಅಂದರೆ ‘ಸ್ವಲ್ಪ’, ಸೇರಿಸುವುದನ್ನು ರೂಢಿ ಮಾಡಿಕೊಳ್ಳಿ. ಕಚೇರಿಯಲ್ಲಿ ‘ಸ್ವಲ್ಪ ಕಿರಿಕಿರಿಯಾಗುತ್ತಿದೆ’ ಎಂದು ತಗ್ಗಿದ ದನಿಯಲ್ಲಿ ಹೇಳಿದ ಮಾತನ್ನೂ ಫಿನ್‌ಲ್ಯಾಂಡಿನ ಸಹೋದ್ಯೋಗಿಗಳು ಗಂಭೀರವಾಗಿಯೇ ತೆಗೆದುಕೊಳ್ಳುತ್ತಾರೆ. ದನಿ ಏರಿಸಿದರೆ ಮಾತಿನ ಹುರುಳಿಗಿಂತ ದನಿಯೇ ನೆನಪಿನಲ್ಲಿ ಉಳಿಯುತ್ತದೆ.

ನಿಘಂಟು ತೆರೆದೊಡನೆ ‘ಕೋಪ’ಕ್ಕೆ ‘ವಿಹ’ ಎಂಬ ಪದವೂ ಸಿಗುತ್ತದೆ. ಅದರ ಬಗ್ಗೆ ಎಚ್ಚರವಿರಲಿ, ಏಕೆಂದರೆ ‘ವಿಹ’ ಎಂದರೆ ದ್ವೇಷದವರೆಗೂ ಹೋಗುವ ಕಡು ಕೋಪ. ಇದರ ಹುಟ್ಟು ಮಾತ್ರ ಕನ್ನಡಿಗರು ಒಮ್ಮೆ ಕೇಳಿದರೆ ಮರೆಯಲಾರದಂಥದು. ಸಾವಿರಾರು ವರ್ಷಗಳ ಹಿಂದೆ ಫಿನ್ನರ ಪೂರ್ವಜರ ಭಾಷೆಯು ಇಂಡೋ-ಇರಾನಿಯನ್ ಭಾಷೆಯಿಂದ ವಿಷ ಎಂಬ ಅರ್ಥದ ಪದವೊಂದನ್ನು ಎರವಲು ಪಡೆಯಿತು ಎಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ‘ವಿಷ’ವೂ ಫಿನ್ನಿಶ್‌ನ ‘ವಿಹ’ವೂ ಹೀಗೆ ಒಂದೇ ಬೇರಿನವು. ಫಿನ್ನರ ಹಳೆಯ ಜನಪದ ವೈದ್ಯದಲ್ಲಿ ಕಬ್ಬಿಣ ತಾಗಿ ಕೀವಾಗುವ ಗಾಯದ ಬಾಧೆಯನ್ನು ‘ರೌದನ್ ವಿಹತ್’, ಅಂದರೆ ಕಬ್ಬಿಣದ ವಿಹಗಳು, ಎನ್ನುತ್ತಿದ್ದರು. ಅಲ್ಲಿ ವಿಷದ ಅರ್ಥ ಇನ್ನೂ ಉಳಿದಿದೆ. ಮನಸ್ಸಿನೊಳಗೆ ಇಳಿದ ವಿಷವೇ ದ್ವೇಷ ಎಂದುಕೊಂಡರೆ ಪದವೂ ಅದರ ತೀವ್ರತೆಯೂ ಒಟ್ಟಿಗೆ ನೆನಪಿನಲ್ಲಿ ನಿಲ್ಲುತ್ತವೆ. ‘ವಿಹೈನೆನ್’ ಎಂಬ ಗುಣವಾಚಕ ಮಾತ್ರ ಅಷ್ಟು ಕಟುವಲ್ಲ, ‘ಸಿಟ್ಟಾಗಿರುವ’ ಎಂಬ ಸಾಮಾನ್ಯ ಅರ್ಥದಲ್ಲಿ ದಿನವೂ ಬಳಕೆಯಾಗುತ್ತದೆ.

ನಾಲ್ಕನೆಯ ಹಂತ: ಒಂದು ಬೇರಿನಿಂದ ನಾಲ್ಕು ರೂಪ

ಕನ್ನಡದಲ್ಲಿ ‘ಕೆರಳು’ ಎಂಬುದಕ್ಕೆ ‘ಇಸು’ ಸೇರಿಸಿ ‘ಕೆರಳಿಸು’ ಮಾಡುತ್ತೇವೆ. ಫಿನ್ನಿಶ್‌ನಲ್ಲಿ ‘ಇಸು’ ಮಾಡುವ ಕೆಲಸವನ್ನು ‘ತ್ತಾ’ ಅಥವಾ ‘ತ್ತ್ಯಾಽ’ ಮಾಡುತ್ತದೆ. ಸೂತ್ತುಅ ಎಂದರೆ ಸಿಟ್ಟಾಗು, ಸೂತುತ್ತಾ ಎಂದರೆ ಸಿಟ್ಟಾಗಿಸು. ರೈವೊಸ್ತುಅ ಮತ್ತು ರೈವೊಸ್ತುತ್ತಾ, ಹೆರ್ಮೊಸ್ತುಅ ಮತ್ತು ಹೆರ್ಮೊಸ್ತುತ್ತಾ, ಕ್ಯುಲ್ಲ್ಯಾಸ್ತ್ಯು-ಆ್ಯ ಮತ್ತು ಕ್ಯುಲ್ಲ್ಯಾಸ್ತ್ಯುತ್ತ್ಯಾಽ ಇದೇ ಬಗೆಯ ಜೋಡಿಗಳು. ಅಳು-ಅಳಿಸು, ನಗು-ನಗಿಸು ಎಂಬ ನಮ್ಮ ಜೋಡಿಗಳ ಪಕ್ಕದಲ್ಲಿ ಇವನ್ನು ಬರೆದುಕೊಂಡರೆ ಪ್ರತ್ಯಯದ ಕೆಲಸ ಕಣ್ಣಿಗೆ ಕಾಣುತ್ತದೆ.

ಇನ್ನೆರಡು ರೂಪಗಳು ಕೃದಂತಗಳು, ಮೇಲೆ ಹೇಳಿದ ತಪ್ಪು ಹುಟ್ಟುವುದು ಇವುಗಳನ್ನು ಅದಲುಬದಲು ಮಾಡಿದಾಗ. ಕೊನೆಯಲ್ಲಿ ‘ವ’ ಅಥವಾ ‘ವ್ಯಾ’ ಇದ್ದರೆ ಅದು ಭಾವವನ್ನು ಹುಟ್ಟಿಸುವ ವಸ್ತು ಅಥವಾ ವ್ಯಕ್ತಿ: ಆ್ಯರ್ಸ್ಯುತ್ತ್ಯಾವ್ಯಾ ಎಂದರೆ ಕಿರಿಕಿರಿ ಮಾಡುವ. ಕೊನೆಯಲ್ಲಿ ‘ನುತ್’ ಅಥವಾ ‘ನ್ಯುತ್’ ಇದ್ದರೆ ಅದು ಭಾವಕ್ಕೆ ಒಳಗಾದ ವ್ಯಕ್ತಿ: ಆ್ಯರ್ಸ್ಯೂನ್ತ್ಯುನ್ಯುತ್ ಎಂದರೆ ಕಿರಿಕಿರಿಗೊಂಡ, ಸೂತ್ತುನುತ್ ಎಂದರೆ ಸಿಟ್ಟಾದ. ‘ಮಾಡುವ’ ಎಂಬಲ್ಲಿನ ವಕಾರವೂ ಫಿನ್ನಿಶ್ ‘ವ’ ಪ್ರತ್ಯಯವೂ ಕಿವಿಗೆ ಒಂದೇ ಆಗಿರುವುದು ಕೇವಲ ಆಕಸ್ಮಿಕ, ಆದರೂ ನೆನಪಿಗೆ ಅದನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳನ್ನು ಫಿನ್ನಿಶ್ ಒಳಗೊಂಡ ಭಾಷೆಗಳ ಗುಂಪಿನೊಡನೆ ಹೋಲಿಸಿ ಬಾಂಧವ್ಯವನ್ನು ಸೂಚಿಸಿದ್ದರು. ಆ ಬಾಂಧವ್ಯ ಇಂದಿಗೂ ಸಿದ್ಧವಾಗಿಲ್ಲ. ಪ್ರತ್ಯಯಗಳನ್ನು ಒಂದರ ಮೇಲೊಂದು ಪೋಣಿಸುವ ಗುಣ ಎರಡರಲ್ಲೂ ಇರುವುದಂತೂ ನಿಜ, ಕಲಿಯುವವರಿಗೆ ಪ್ರಯೋಜನಕ್ಕೆ ಬರುವುದು ಆ ಗುಣವೇ.

ಐದನೆಯ ಹಂತ: ಯಾರ ಮೇಲೆ, ಯಾವುದರಿಂದ

ಯಾವ ಕ್ರಿಯಾಪದಕ್ಕೆ ಯಾವ ವಿಭಕ್ತಿ ಎಂಬ ನಿಯಮವನ್ನು ಫಿನ್ನಿಶ್ ಕಲಿಯುವವರು ‘ರೆಕ್ತಿಒ’ ಎನ್ನುತ್ತಾರೆ. ಬಹಳ ಜನ ಸೋಲುವುದು ಇಲ್ಲಿಯೇ, ಆದರೆ ಸಿಟ್ಟಿನ ವಿಷಯದಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ನಾವು ‘ಅವನ ಮೇಲೆ ಸಿಟ್ಟಾದೆ’ ಎನ್ನುತ್ತೇವೆ. ಫಿನ್ನಿಶ್‌ನಲ್ಲಿ ‘ತುಒಲಿಲ್ಲೆ’ ಎಂದರೆ ‘ಕುರ್ಚಿಯ ಮೇಲಕ್ಕೆ’. ಅದೇ ‘ಲ್ಲೆ’ ಪ್ರತ್ಯಯವನ್ನು ಹಚ್ಚಿ ‘ಸೂತುಇನ್ ಹ್ಯಾನೆಲ್ಲೆ’ ಎಂದರೆ ‘ಅವನ ಮೇಲೆ ಸಿಟ್ಟಾದೆ’. ‘ಆ್ಯಲ್ಯಾ ಸೂತು ಮಿನುಲ್ಲೆ’ ಎಂದರೆ ‘ನನ್ನ ಮೇಲೆ ಸಿಟ್ಟಾಗಬೇಡ’. ‘ಒಲೆನ್ ವಿಹೈನೆನ್ ವೆಲ್ಯೆಲ್ಲೆನಿ’ ಎಂದರೆ ‘ನನ್ನ ಸೋದರನ ಮೇಲೆ ಸಿಟ್ಟಾಗಿದ್ದೇನೆ’. ಸಿಟ್ಟಿಗೆ ಕಾರಣ ಹೇಳುವಾಗ ನಮ್ಮ ‘ಇಂದ’ಕ್ಕೆ ಸರಿಯಾಗಿ ‘ಸ್ತ’ ಪ್ರತ್ಯಯ ಬರುತ್ತದೆ: ‘ಸೂತುಇನ್ ಹ್ಯಾನೆನ್ ಸನೊಇಸ್ತಾನ್’, ಅಂದರೆ ‘ಅವನ ಮಾತುಗಳಿಂದ ಸಿಟ್ಟಾದೆ’.

ಎರಡು ಕಡೆ ಕನ್ನಡ ದಾರಿ ತಪ್ಪಿಸುತ್ತದೆ. ‘ಕಾಯುವುದರಿಂದ ಬೇಸತ್ತೆ’, ‘ಅವನಿಂದ ನಿರಾಶೆಯಾಯಿತು’ ಎಂದು ನಾವು ‘ಇಂದ’ ಹಚ್ಚುವಲ್ಲಿ ಫಿನ್ನಿಶ್ ‘ಒಳಕ್ಕೆ’ ಎಂಬ ಅರ್ಥದ ವಿಭಕ್ತಿಯನ್ನು ಬಳಸುತ್ತದೆ. ‘ಕ್ಯುಲ್ಲ್ಯಾಸ್ತ್ಯುಇನ್ ಒದೊತ್ತಮಿಸೇನ್’ ಎಂದರೆ ಅಕ್ಷರಶಃ ‘ಕಾಯುವುದರೊಳಕ್ಕೆ ಬೇಸತ್ತೆ’, ‘ಪೆತ್ಯುಇನ್ ಹ್ಯಾನೇನ್’ ಎಂದರೆ ‘ಅವನೊಳಕ್ಕೆ ನಿರಾಶನಾದೆ’. ಈ ಎರಡು ವಾಕ್ಯಗಳನ್ನು ತರ್ಕಕ್ಕೆ ಒಳಪಡಿಸದೆ, ಹಾಗೆಯೇ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಆರನೆಯ ಹಂತ: ಪಿತ್ತ, ತಲೆ, ಮೂಗು

ನುಡಿಗಟ್ಟುಗಳಿಗೆ ಬಂದಾಗ ಕಲಿಕೆ ನಿಜವಾಗಿಯೂ ಸಂತೋಷ ಕೊಡುತ್ತದೆ. ಫಿನ್ನಿಶ್‌ನಲ್ಲಿ ‘ಸಪ್ಪಿ’ ಎಂದರೆ ಪಿತ್ತ. ಅದರಿಂದ ಹುಟ್ಟಿದ ‘ಮಿನುಅ ಸಪೆತ್ತಾ’ ಎಂಬ ವಾಕ್ಯಕ್ಕೆ ‘ನನಗೆ ಪಿತ್ತ ನೆತ್ತಿಗೇರುತ್ತಿದೆ’ ಎನ್ನುವುದಕ್ಕಿಂತ ಹತ್ತಿರದ ಅನುವಾದ ಬೇಕಿಲ್ಲ. ‘ಪ್ಯಾಽ’ ಎಂದರೆ ತಲೆ. ‘ತ್ಯಾಮ್ಯಾ ಒತ್ತಾ ಪ್ಯಾಽಹ್ಯಾನ್’ ಎಂದರೆ ಅಕ್ಷರಶಃ ‘ಇದು ತಲೆಗೆ ಹಿಡಿಯುತ್ತದೆ’, ಅಂದರೆ ‘ಇದರಿಂದ ತಲೆ ಕೆಡುತ್ತದೆ’. ಆಡುಮಾತಿನಲ್ಲಿ ಇದನ್ನು ದಿನವೂ ಕೇಳುತ್ತೀರಿ, ಗೆಳೆಯರ ನಡುವೆ ನಿಸ್ಸಂಕೋಚವಾಗಿ ಬಳಸಬಹುದು.

ನಮ್ಮಲ್ಲಿ ಮುಂಗೋಪಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುತ್ತಾರೆ. ಫಿನ್ನರ ಮೂಗಿನಲ್ಲಿ ಬಟಾಣಿ ಇರುತ್ತದೆ: ‘ಹ್ಯಾನ್ ವೆತಿ ಹೆರ್ನೇನ್ ನೆನ್ಯಾಽನ್’ ಎಂದರೆ ‘ಅವನು ಬಟಾಣಿಯನ್ನು ಮೂಗಿಗೆ ಎಳೆದುಕೊಂಡ’, ಅಂದರೆ ಸಣ್ಣ ಮಾತಿಗೇ ಮುನಿಸಿಕೊಂಡ. ‘ಆ್ಯಲ್ಯಾ ವೆದ್ಯಾ ಹೆರ್ನೆತ್ತ್ಯಾ ನೆನ್ಯಾಽನ್’ ಎಂದು ಹತ್ತಿರದವರನ್ನು ಸಮಾಧಾನಪಡಿಸಬಹುದು, ಆದರೆ ನಿಜವಾಗಿ ನೊಂದವರಿಗೆ ಹಾಗೆನ್ನುವುದು ಅವರ ನೋವನ್ನು ಹಗುರ ಮಾಡಿದಂತಾಗುತ್ತದೆ.

ಬೆಂಕಿಯ ನುಡಿಗಟ್ಟುಗಳೂ ಹಲವಿವೆ. ದೀಪಗಳು ಬರುವ ಮೊದಲು ಫಿನ್ನರ ಹಳ್ಳಿಮನೆಗಳಲ್ಲಿ ‘ಪ್ಯಾರೆ’ ಎಂಬ ತೆಳು ಮರದ ಸೀಳುಗಳನ್ನು ಹೊತ್ತಿಸಿ ಬೆಳಕು ಮಾಡಿಕೊಳ್ಳುತ್ತಿದ್ದರು. ‘ಹ್ಯಾನ್ ಪೊಲ್ತ್ತಿ ಪ್ಯಾರೇನ್ಸ್ಯಾ’, ಅಂದರೆ ‘ತನ್ನ ಸೀಳುಗಳನ್ನು ಸುಟ್ಟುಕೊಂಡ’, ಎಂದರೆ ತಾಳ್ಮೆಗೆಟ್ಟು ಸಿಡಿದ. ‘ಮಿನುಲ್ತ ಪಲೊಇ ಪಿನ್ನ’ ಎಂಬುದಕ್ಕೂ ಅದೇ ಅರ್ಥ; ಇದರಲ್ಲಿ ತಾಳ್ಮೆಯನ್ನು ಸೂಚಿಸುವ ‘ಪಿನ್ನ’ ಸುಟ್ಟುಹೋಗುತ್ತದೆ. ಅದೇ ಪದದಿಂದ ತಾಳ್ಮೆಯವರನ್ನು ‘ಪಿತ್ಕ್ಯಾಪಿನ್ನೈನೆನ್’, ಅಂದರೆ ಉದ್ದ ಪಿನ್ನದವರು, ಎನ್ನುತ್ತಾರೆ. ಮುಂಗೋಪಿಗಳು ‘ಲ್ಯುಹ್ಯುತ್‌ಪಿನ್ನೈನೆನ್’, ಅಂದರೆ ಮೊಟಕು ಪಿನ್ನದವರು. ‘ಹೆರ್ಮೊ’ ಎಂದರೆ ನರ. ‘ಮೆನೆತಿನ್ ಹೆರ್ಮೊನಿ’, ಅಂದರೆ ‘ನನ್ನ ನರಗಳನ್ನು ಕಳೆದುಕೊಂಡೆ’, ಎನ್ನುವುದು ತಾಳ್ಮೆಯ ಕಟ್ಟೆ ಒಡೆಯಿತು ಎಂಬುದಕ್ಕೆ ಸಮ.

ಏಳನೆಯ ಹಂತ: ನೆರೆಹೊರೆಯ ಭಾವಗಳು

ಕಿರಿಕಿರಿಯ ಹಿಂದೆ ಬಹಳ ಸಲ ಬೇರೆ ಭಾವವಿರುತ್ತದೆ, ಅದನ್ನು ಅದರದೇ ಹೆಸರಿನಿಂದ ಕರೆಯಲು ಕಲಿಯಬೇಕು. ‘ತುರ್ಹ’ ಎಂದರೆ ವ್ಯರ್ಥ. ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತಿದೆ ಎನಿಸುವ ಹತಾಶೆಗೆ ‘ಮಿನುಅ ತುರ್ಹೌತ್ತಾ’ ಎನ್ನಬೇಕು. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಉತ್ತರ ಬಾರದವರಿಗೆ ಬೇಕಾದ ಪದ ಇದು, ಆ್ಯರ್ಸ್ಯುತ್ತ್ಯಾಽ ಅಲ್ಲ. ‘ಕ್ಯುಲ್ಲ್ಯಾಇನೆನ್’ ಎಂದರೆ ಹೊಟ್ಟೆ ತುಂಬಿದ. ಅದೇ ಬೇರಿನ ಕ್ಯುಲ್ಲ್ಯಾಸ್ತ್ಯು-ಆ್ಯ ಎಂದರೆ ಸಾಕು ಸಾಕಾಗಿ ರೋಸಿಹೋಗು. ಇನ್ನೂ ಬಲವಾಗಿ ಹೇಳಲು ‘ಸೈನ್ ತರ್ಪೇಕ್ಸೆನಿ’, ಅಂದರೆ ‘ನನಗೆ ಸಾಕಾಯಿತು’, ಎನ್ನುತ್ತಾರೆ.

‘ಲೊಉಕ್ಕಾನ್ತುಅ’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಸುದ್ದಿಯಲ್ಲಿ ಅದು ಅಪಘಾತದಲ್ಲಿ ಗಾಯಗೊಳ್ಳುವುದು, ಮನೆಯ ಮಾತಿನಲ್ಲಿ ಮನಸ್ಸಿಗೆ ಗಾಯವಾಗುವುದು. ನಮ್ಮ ‘ನೋಯು’ ಕೂಡ ಮೈಗೂ ಮನಸ್ಸಿಗೂ ಸಲ್ಲುವುದರಿಂದ ಇದು ಕಷ್ಟವೆನಿಸದು. ‘ಮಿಎಲಿ’ ಎಂದರೆ ಮನಸ್ಸು, ‘ಪಹ’ ಎಂದರೆ ಕೆಟ್ಟ. ‘ಪಹೊಇತಿನ್ ಮಿಎಲೆನಿ’ ಎಂದರೆ ‘ಮನಸ್ಸು ಕೆಡಿಸಿಕೊಂಡೆ’, ಪದಕ್ಕೆ ಪದ ಕನ್ನಡವೇ. ಅಸೂಯೆಗೆ ‘ಕತೇಲ್ಲಿನೆನ್’ ಇದೆ, ಪ್ರೇಮದಲ್ಲಿನ ಹೊಟ್ಟೆಕಿಚ್ಚಿಗೆ ‘ಮುಸ್ತಸುಕ್ಕೈನೆನ್’ ಇದೆ. ಎರಡನೆಯದರ ಅಕ್ಷರಾರ್ಥ ‘ಕಪ್ಪು ಕಾಲುಚೀಲದ’.

‘ಮಿನುಅ ಅಹ್ದಿಸ್ತಾ’ ಎಂಬುದನ್ನು ಇವುಗಳಿಂದ ಬೇರೆಯಾಗಿ ಇಟ್ಟುಕೊಳ್ಳಿ. ‘ಅಹ್ದಸ್’ ಎಂದರೆ ಇಕ್ಕಟ್ಟಾದ. ಎದೆ ಇಕ್ಕಟ್ಟಾಗಿ ಉಸಿರುಗಟ್ಟಿದಂತೆನಿಸುವ ಆತಂಕಕ್ಕೆ ಈ ಪದ. ಆರೋಗ್ಯ ಕೇಂದ್ರದಲ್ಲಿ ದಾದಿಯ ಮುಂದೆ ‘ಕಿರಿಕಿರಿ’ ಎನ್ನುವುದಕ್ಕೂ ‘ಅಹ್ದಿಸ್ತಾ’ ಎನ್ನುವುದಕ್ಕೂ ಬಹಳ ಅಂತರವಿದೆ, ಸರಿಯಾದ ಪದ ಸರಿಯಾದ ನೆರವನ್ನು ತರುತ್ತದೆ.

ಮಕ್ಕಳಿರುವವರು ಇನ್ನೊಂದು ಗುಂಪನ್ನು ಕಲಿಯಲೇಬೇಕು. ‘ಕಿಉಕ್ಕು’ ಎಂದರೆ ಸಿಡುಕು, ‘ಕಿಉಕುತೆಲ್ಲ’ ಎಂದರೆ ಹಠ ಮಾಡು. ಸಂಜೆ ಶಿಶುವಿಹಾರದಿಂದ ಮಗುವನ್ನು ಕರೆತರಲು ಹೋದಾಗ ಶಿಕ್ಷಕರು ‘ಹ್ಯಾನ್ ಕಿಉಕುತ್ತೆಲಿ ವ್ಯಾಹ್ಯಾನ್’ ಎಂದರೆ ‘ಇವತ್ತು ಸ್ವಲ್ಪ ಹಠ ಮಾಡಿದ’ ಎಂದರ್ಥ. ಅದು ದೂರಲ್ಲ, ಬರಿಯ ವರದಿ. ಹಸಿವಿನಿಂದ ಬರುವ ಸಿಡುಕಿಗೆ ‘ನ್ಯಾಲ್ಕ್ಯಾಕಿಉಕ್ಕು’ ಎಂಬ ಸಮಾಸವೇ ಇದೆ, ‘ನ್ಯಾಲ್ಕ್ಯಾ’ ಎಂದರೆ ಹಸಿವು.

ಎಂಟನೆಯ ಹಂತ: ಬೀದಿಯ ಮಾತು, ಬರಹದ ಮಾತು

ಆಡುಮಾತಿನಲ್ಲಿ ಮಿನುಅ ಸವೆದು ‘ಮುಅ’ ಆಗುತ್ತದೆ, ಸಿನುಅ ‘ಸುಅ’ ಆಗುತ್ತದೆ. ‘ಮುಅ ನ್ಯುಪ್ಪೀ’, ‘ಮುಅ ಕಿಸ್ಮಿತ್ತ್ಯಾಽ’ ಎಂಬವು ಆ್ಯರ್ಸ್ಯುತ್ತ್ಯಾಽ ಪದದ ಆಡುಮಾತಿನ ಬಂಧುಗಳು. ‘ಕೆತುತ್ತಾ’ ಎಂಬುದನ್ನೂ ಕೇಳುತ್ತೀರಿ. ಅದು ನರಿ ಎಂಬ ಅರ್ಥದ ‘ಕೆತ್ತು’ ಪದದಿಂದ ಬಂದಂತೆ ಕಂಡರೂ, ನಿಜದಲ್ಲಿ ‘ವಿತುತ್ತಾ’ ಎಂಬ ಅಶ್ಲೀಲ ಪದವನ್ನು ಮರೆಮಾಡಲು ಬಳಸುವ ಮುಸುಕು. ಆ ಅಶ್ಲೀಲ ಪದ ಬಸ್ಸಿನಲ್ಲಿ, ಬೀದಿಯಲ್ಲಿ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಕೇಳಿದಾಗ ಗುರುತಿಸಿ, ನೀವಾಗಿ ಬಳಸಬೇಡಿ. ಬೈಗುಳದ ತೂಕವನ್ನು ಅಳೆಯುವ ಕಿವಿ ಬರಲು ಹಲವು ವರ್ಷಗಳು ಬೇಕು. ‘ಪೆರ್ಕೆಲೆ’ ಎಂಬ ಹೆಸರಾಂತ ಬೈಗುಳಕ್ಕೂ ಇದೇ ಮಾತು ಸಲ್ಲುತ್ತದೆ. ಬಾಲ್ಟಿಕ್ ಜನರ ಗುಡುಗಿನ ದೇವರ ಹೆಸರಿನಿಂದ ಬಂದ ಆ ಪದ ಕ್ರೈಸ್ತ ಕಾಲದಲ್ಲಿ ಸೈತಾನನ ಹೆಸರಾಯಿತು. ಬಾಯಿಗೆ ಏನಾದರೂ ಬೇಕೇ ಬೇಕೆನಿಸಿದರೆ ‘ವೊಇ ಹಿತ್ಸಿ!’ ಎನ್ನಿ, ಮಕ್ಕಳ ಮುಂದೆಯೂ ಅದು ಸಲ್ಲುತ್ತದೆ.

ಬರಹಕ್ಕೆ ಬಂದರೆ ಮಾತು ಪೂರ್ತಿ ಬದಲಾಗುತ್ತದೆ. ಪೌರತ್ವಕ್ಕೆ ಭಾಷಾಜ್ಞಾನ ತೋರಿಸಲು ಹೆಚ್ಚಿನವರು ಬರೆಯುವ ‘ಯುಕಿ’ ಪರೀಕ್ಷೆಯಲ್ಲಿ 6 ದರ್ಜೆಗಳಿದ್ದು, ಪೌರತ್ವಕ್ಕೆ 3ನೇ ದರ್ಜೆ ಬೇಕು. ಆ ಮಟ್ಟಕ್ಕೆ ಸಿದ್ಧರಾಗುವವರು ದೂರುಪತ್ರ ಬರೆಯುವುದನ್ನು ಅಭ್ಯಾಸ ಮಾಡಿರಬೇಕು. ದೂರುಪತ್ರಕ್ಕೆ ‘ರೆಕ್ಲಮಾತಿಒ’ ಎನ್ನುತ್ತಾರೆ. ಅದರಲ್ಲಿ ‘ಮಿನುಅ ಆ್ಯರ್ಸ್ಯುತ್ತ್ಯಾಽ’ ಎಂದು ಬರೆಯುವುದು ಸಲ್ಲದು. ‘ಒಲೆನ್ ಪೆತ್ತ್ಯುನ್ಯುತ್ ಪಲ್ವೆಲೂನ್ನೆ’, ಅಂದರೆ ‘ನಿಮ್ಮ ಸೇವೆಯಿಂದ ನನಗೆ ನಿರಾಶೆಯಾಗಿದೆ’. ‘ಎನ್ ಒಲೆ ತ್ಯೂತ್ಯುವ್ಯಾಇನೆನ್’, ಅಂದರೆ ‘ನನಗೆ ತೃಪ್ತಿಯಿಲ್ಲ’. ‘ತೊಇವೊನ್, ಎತ್ತ್ಯಾ ಅಸಿಅ ಕೊರ್ಯತಾನ್ ಪಿಅನ್’, ಅಂದರೆ ‘ವಿಷಯವನ್ನು ಬೇಗ ಸರಿಪಡಿಸುವಿರೆಂದು ಆಶಿಸುತ್ತೇನೆ’. ಈ ಮೂರು ವಾಕ್ಯಗಳು ಬೆನ್ನೆಲುಬಾದರೆ ಉಳಿದ ಪತ್ರ ಅದರ ಸುತ್ತ ಬೆಳೆಯುತ್ತದೆ.

ನೆರೆಯವರೊಡನೆ ಆಡುವ ಮಾತು ಇವೆರಡರ ನಡುವಿನದು. ಹಲವು ವಸತಿ ಕಟ್ಟಡಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸದ್ದು ಮಾಡಬಾರದೆಂಬ ನಿಯಮವಿರುತ್ತದೆ. ಅದು ಮುರಿದಾಗ ‘ಮುಸೀಕ್ಕಿ ಹ್ಯಾಇರಿತ್ಸೇ ಮಿನುಅ’, ಅಂದರೆ ‘ಸಂಗೀತದಿಂದ ನನಗೆ ತೊಂದರೆಯಾಗುತ್ತಿದೆ’, ಎಂದು ಹೇಳಿ, ‘ವೊಇಸಿತ್ಕೊ ಲೈತ್ತಾ ಸೆನ್ ವ್ಯಾಹ್ಯಾನ್ ಹಿಲ್ಯೆಮ್ಮಲ್ಲೆ?’, ಅಂದರೆ ‘ಅದನ್ನು ಸ್ವಲ್ಪ ತಗ್ಗಿಸುವಿರಾ?’, ಎಂದು ಕೇಳಿದರೆ ಸಾಕು. ‘ಹ್ಯಾಇರಿತ್ಯಾ’, ಅಂದರೆ ತೊಂದರೆ ಕೊಡು, ಎಂಬ ಕ್ರಿಯಾಪದವು ನಿಮ್ಮ ಸಿಟ್ಟನ್ನು ಹೇಳದೆ ಸದ್ದಿನ ಪರಿಣಾಮವನ್ನಷ್ಟೇ ಹೇಳುವುದರಿಂದ, ಎದುರಿನವರಿಗೆ ಮುನಿಸಿಕೊಳ್ಳಲು ಎಡೆಯಿರುವುದಿಲ್ಲ.

ಒಂಬತ್ತನೆಯ ಹಂತ: ಸಮಾಧಾನದ ಮಾತು

ಸಿಟ್ಟಿನ ಪದಗಳನ್ನು ಕಲಿತವರು ಸಿಟ್ಟು ಇಳಿದ ಮೇಲಿನ ಪದಗಳನ್ನೂ ಜೊತೆಗೇ ಕಲಿಯಬೇಕು. ‘ಲೆಪ್ಪ್ಯು-ಆ್ಯ’ ಎಂದರೆ ಮುನಿಸು ಬಿಡು, ‘ರೌಹೊಇತ್ತುಅ’ ಎಂದರೆ ಶಾಂತವಾಗು, ‘ರೌಹ’ ಎಂದರೆ ಶಾಂತಿ. ‘ಅನ್ತೇಕ್ಸಿ, ಎತ್ತ್ಯಾ ಸೂತುಇನ್’ ಎಂದರೆ ‘ಸಿಟ್ಟಾದುದಕ್ಕೆ ಕ್ಷಮಿಸಿ’. ‘ಒಲೆನ್ ಪಹೊಇಲ್ಲನಿ’ ಎಂದರೆ ‘ನನಗೆ ವಿಷಾದವಿದೆ’, ಇದರಲ್ಲಿರುವುದೂ ಮೇಲೆ ಕಂಡ ‘ಪಹ’ ಎಂಬ ಬೇರೇ.

ಹತ್ತನೆಯ ಹಂತ: ಎರಡು ವಾರದ ಅಭ್ಯಾಸ

ಮೊದಲ ಮೂರು ದಿನ ಮೂರನೆಯ ಹಂತದ ನಾಲ್ಕು ಕ್ರಿಯಾಪದಗಳನ್ನು ಮಾತ್ರ ಹಿಡಿಯಿರಿ. ಪ್ರತಿಯೊಂದನ್ನೂ ವರ್ತಮಾನ, ಭೂತ, ನಿಷೇಧ, ಪ್ರಶ್ನೆ ಎಂಬ ನಾಲ್ಕು ರೂಪಗಳಲ್ಲಿ, ಬೇರೆ ಬೇರೆ ಸರ್ವನಾಮಗಳೊಂದಿಗೆ ಗಟ್ಟಿಯಾಗಿ ಹೇಳಿ. ನಾಲ್ಕನೆಯ ದಿನದಿಂದ ಕಾರ್ಡುಗಳನ್ನು ಮಾಡಿ, ಕಾಗದದಲ್ಲಾದರೂ ಸರಿ, ಆ್ಯಂಕಿಯಂತಹ ಆ್ಯಪ್‌ನಲ್ಲಾದರೂ ಸರಿ. ಒಂದು ಬದಿಗೆ ಕನ್ನಡದ ಪೂರ್ತಿ ವಾಕ್ಯ, ಇನ್ನೊಂದು ಬದಿಗೆ ಫಿನ್ನಿಶ್‌ನ ಪೂರ್ತಿ ವಾಕ್ಯ ಇರಲಿ. ಒಂಟಿ ಪದವನ್ನು ಕಾರ್ಡಿಗೆ ಹಾಕಬೇಡಿ, ಏಕೆಂದರೆ ವಿಭಕ್ತಿಯಿಲ್ಲದೆ ಕಲಿತ ಕ್ರಿಯಾಪದವನ್ನು ಮುಂದೆ ಮತ್ತೊಮ್ಮೆ ಕಲಿಯಬೇಕಾಗುತ್ತದೆ. ವಿಭಕ್ತಿಯ ಬಗ್ಗೆ ಅನುಮಾನ ಬಂದಾಗ ‘ಕಿಎಲಿತೊಇಮಿಸ್ತೊನ್ ಸನಕಿರ್ಯ’ ಎಂಬ ಉಚಿತ ಅಂತರ್ಜಾಲ ನಿಘಂಟನ್ನು ನೋಡಿ. 1976ರಲ್ಲಿ ಸ್ಥಾಪನೆಯಾದ, ‘ಕೊತುಸ್’ ಎಂದು ಕರೆಯಲ್ಪಡುವ ದೇಶೀಯ ಭಾಷೆಗಳ ಸಂಸ್ಥೆ ಅದನ್ನು ಸಿದ್ಧಪಡಿಸುತ್ತದೆ, ಅದರಲ್ಲಿನ ಉದಾಹರಣೆಗಳು ಚಿಕ್ಕವಾಗಿದ್ದು ನೇರವಾಗಿ ಕಾರ್ಡಿಗೆ ಇಳಿಯುತ್ತವೆ.

ಎರಡನೆಯ ವಾರ ಪ್ರತಿ ಸಂಜೆ ಮೂರು ಸಾಲಿನ ದಿನಚರಿ ಬರೆಯಿರಿ. ಮೊದಲ ಸಾಲಿನಲ್ಲಿ ಆ ದಿನ ಕಿರಿಕಿರಿ ತಂದದ್ದು, ಎರಡನೆಯದರಲ್ಲಿ ಅದರ ಕಾರಣ ‘ಕುನ್’ ಪದದೊಂದಿಗೆ, ಮೂರನೆಯದರಲ್ಲಿ ಈಗ ಹೇಗನಿಸುತ್ತಿದೆ ಎಂಬುದು. ನವೆಂಬರಿನ ಕತ್ತಲು, ಕರಗಿದ ಹಿಮದ ‘ಲೊಸ್ಕ’ ಎಂಬ ಕೆಸರು, ತಪ್ಪಿಹೋದ ರೈಲು, ಬೇರೆಯವರು ಕಾದಿರಿಸಿಕೊಂಡ ಬಟ್ಟೆ ಒಗೆಯುವ ಕೋಣೆ, ವಿಷಯಗಳಿಗೆ ಕೊರತೆಯಿರದು. ಕೇಳುವ ಅಭ್ಯಾಸಕ್ಕೆ ಫಿನ್‌ಲ್ಯಾಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಯ್ಲೆಯ ‘ಸೆಲ್ಕೊಸುಒಮಿ’ ಸುದ್ದಿಗಳು, ಅಂದರೆ ಸರಳ ಫಿನ್ನಿಶ್‌ನ ಸುದ್ದಿಗಳು, ಒಳ್ಳೆಯವು. ಅಲ್ಲಿ ‘ಲೊಉಕ್ಕಾನ್ತುಅ’ ಮತ್ತು ‘ಪೆತ್ತ್ಯುಮ್ಯುಸ್’ ಎಂಬ ಪದಗಳು ಕಿವಿಗೆ ಬಿದ್ದಾಗ ವಾಕ್ಯವನ್ನು ನಿಲ್ಲಿಸಿ ಬರೆದುಕೊಳ್ಳಿ. ಹದಿನಾಲ್ಕನೆಯ ದಿನ ದಿನಚರಿಯ ಏಳೂ ಪುಟಗಳನ್ನು ಫಿನ್ನಿಶ್ ಬಲ್ಲ ಗೆಳೆಯರೊಬ್ಬರಿಗೆ ಓದಿ ಹೇಳಿ, ಪ್ರತಿ ವಾಕ್ಯದ ಕೊನೆಗೆ ‘ಆ್ಯರ್ಸ್ಯುತ್ತ್ಯಾಽಕ್ಯೊ ಸಿನುಅಕಿನ್?’, ಅಂದರೆ ‘ನಿನಗೂ ಕಿರಿಕಿರಿಯಾಗುತ್ತದೆಯೇ?’, ಎಂದು ಕೇಳಿ, ಅವರ ಉತ್ತರವನ್ನೂ ಅದೇ ಪುಟದಲ್ಲಿ ಬರೆದಿಟ್ಟುಕೊಳ್ಳಿ.